ರೇಣುಕಾ ಪರೀಕ್ಷಿಸಿದ ಹಾಂಕಾಂಗ್ ಜಾಡಿ

ಸೊಸೆ ಸಿಂಗಪುರದಲ್ಲಿ ಮದ್ಯದ ಬಾಟಲಿ ನೋಡಿ ಅಸಲಿ ನಕಲಿ ಹೇಳುವ ಕೆಲಸ ಮಾಡುತ್ತಾಳೆಂದು ಗದಗಿನಲ್ಲಿದ್ದ ಅತ್ತೆ ಗುರುಸಿದ್ದವ್ವನಿಗೆ ಯಾರೂ ಹೇಳಿರಲಿಲ್ಲ. "ಪಿಂಗಾಣಿ ಪರೀಕ್ಷೆ ಮಾಡ್ತಾಳ ಬೇ" ಎಂದು ಮಗ ಶರಣಬಸಪ್ಪ ಫೋನಿನಲ್ಲಿ ಹೇಳಿ ಮುಗಿಸಿದ್ದ. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ. ಚೀನಾದವರು ದೊಡ್ಡ ಸಂದರ್ಭಗಳ ನೆನಪಿಗೆ ಹೊರತರುವ ಮದ್ಯ ಹೆಚ್ಚಾಗಿ ಪಿಂಗಾಣಿ ಜಾಡಿಗಳಲ್ಲೇ ಬರುತ್ತದೆ. ಹಾಂಕಾಂಗ್ ಮರಳಿ ಸಿಕ್ಕಿದ್ದಕ್ಕೆ ಒಂದು, ದೇಶಕ್ಕೆ ಐವತ್ತು ತುಂಬಿದ್ದಕ್ಕೆ ಇನ್ನೊಂದು, ಒಲಿಂಪಿಕ್ಸ್‌ಗೆ ಮತ್ತೊಂದು. ಎಣಿಸಿದಷ್ಟೇ ಜಾಡಿ, ಪ್ರತಿಯೊಂದಕ್ಕೂ ನಂಬರು. ಕುಡಿಯಲು ಕೊಳ್ಳುವವರು ಕಡಿಮೆ. ಗಾಜಿನ ಕಪಾಟಿನಲ್ಲಿಟ್ಟು ಬೆಲೆ ಏರುವುದನ್ನು ಕಾಯುವವರೇ ಹೆಚ್ಚು.

ಸೊಸೆ ರೇಣುಕಾ ಪ್ರಿಂಟಿಂಗ್ ಟೆಕ್ನಾಲಜಿ ಓದಿದವಳು. ಗಂಡನಿಗೆ ಹಡಗುಕಟ್ಟೆಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕು ಇಬ್ಬರೂ ಸಿಂಗಪುರದ ಬೂನ್ ಲೇಯಲ್ಲಿ ಮನೆ ಮಾಡಿದ ಮೇಲೆ ಅವಳು ಕೆಲವು ಕಾಲ ಲೇಬಲ್ ಅಚ್ಚು ಹಾಕುವ ಪ್ರೆಸ್ಸೊಂದರಲ್ಲಿದ್ದಳು. ಕಾಗದ, ಶಾಯಿ, ಅಂಟು ಇವುಗಳ ವಯಸ್ಸು ಅವಳಿಗೆ ಬೇಗ ತಿಳಿಯುತ್ತಿತ್ತು. ಅದನ್ನು ಕೇಳಿ ಅವಳನ್ನು ತನ್ನ ಕಂಪನಿಗೆ ಕರೆದುಕೊಂಡವನು ಪಟ್ಟಾಭಿರಾಮ. ಮೈಸೂರಿನವನು. ಸಾಫ್ಟ್‌ವೇರ್ ಕೆಲಸಕ್ಕೆಂದು ಬಂದು, ಅದನ್ನು ಬಿಟ್ಟು, ಟೋವಾ ಪಾಯೋ ಬಡಾವಣೆಯಲ್ಲಿ ಹಳೆಯ ಬಾಟಲಿ, ನಾಣ್ಯ, ಗಡಿಯಾರಗಳನ್ನು ಹರಾಜು ಹಾಕುವ ಕಂಪನಿ ತೆರೆದಿದ್ದ. ಮಾತು ಬಹಳ ಮೆದು. ಯಾರನ್ನೂ ಏಕವಚನದಲ್ಲಿ ಕರೆದವನಲ್ಲ.

ಎರಡು ಸಾವಿರದ ಆರರಲ್ಲಿ ಅವನ ಕಂಪನಿಗೆ ಐವತ್ತನೇ ವರ್ಷದ ನೆನಪಿನ ಜಾಡಿಗಳು ಒಂದು ಕಂತೆ ಬಂದವು. ಲೇಬಲ್ಲು ಸರಿಯಿತ್ತು, ಮುಚ್ಚಳದ ಸೀಲೂ ಸರಿಯಿತ್ತು. ಆದರೆ ರೇಣುಕಾ ಜಾಡಿಯನ್ನು ಬೋರಲು ಹಾಕಿ ನೇರಳೆ ಬೆಳಕಿನ ಟಾರ್ಚು ಬಿಟ್ಟಾಗ ತಳದಲ್ಲಿ ಬಟಾಣಿಯಷ್ಟು ಜಾಗ ಬೇರೆ ಬಣ್ಣದಲ್ಲಿ ಹೊಳೆಯಿತು. ಯಾರೋ ಅಲ್ಲಿ ತೂತು ಕೊರೆದು, ಒಳಗಿನ ಹಳೆಯ ಮದ್ಯವನ್ನು ಇಳಿಸಿಕೊಂಡು, ಅಗ್ಗದ್ದನ್ನು ತುಂಬಿ, ಬಣ್ಣದ ಅಂಟಿನಿಂದ ಮುಚ್ಚಿದ್ದರು. ಇನ್ನೊಂದನ್ನು ನೋಡಿದಳು, ಅದೂ ಹಾಗೇ. ನೇರವಾಗಿ ಪಟ್ಟಾಭಿರಾಮನ ಕೋಣೆಗೆ ಹೋಗಿ ಹೇಳಿದಳು.

"ಸರ್, ಜಾಡಿ ಅಸಲಿ, ಒಳಗಿರೋದು ನಕಲಿ. ಇದನ್ನ ಮಾರಬಾರದು."

"ಒಳ್ಳೇದಾಯ್ತು ನೋಡಿ ಹೇಳಿದ್ರಿ. ನಾನು ನೋಡ್ಕೋತೀನಿ, ನೀವು ಟೆನ್ಷನ್ ಮಾಡ್ಕೋಬೇಡಿ" ಎಂದ ಪಟ್ಟಾಭಿರಾಮ.

ಅವನು ನೋಡಿಕೊಂಡದ್ದು ಹೀಗೆ: ಎಲ್ಲವನ್ನೂ ಮಾರಿದ. ಕೊಂಡವರಲ್ಲಿ ಒಬ್ಬರು ಮಗಳ ಮದುವೆಯಲ್ಲಿ ಒಂದರ ಸೀಲು ಒಡೆದು ನೆಂಟರಿಗೆ ಸುರಿದಾಗ ರುಚಿಯಲ್ಲೇ ಬಣ್ಣ ಬಯಲಾಯಿತು. ಗಲಾಟೆ ಎದ್ದಾಗ ಪಟ್ಟಾಭಿರಾಮ ಗಿರಾಕಿಗಳನ್ನೂ ವ್ಯಾಪಾರಿಗಳನ್ನೂ ಹರಾಜಿನ ಹಾಲಿಗೆ ಕರೆಸಿ, ರೇಣುಕಾಳನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು, ಅವಳ ಹೆಗಲ ಮೇಲೆ ಕೈಯಿಡುವಷ್ಟು ಕನಿಕರದಿಂದ ಮಾತಾಡಿದ.

"ಪರೀಕ್ಷೆ ಮಾಡಿದ್ದು ಇವರು. ಇವರ ಕಡೆಯವರು ಮದ್ಯವನ್ನು ಮುಟ್ಟುವುದೂ ಇಲ್ಲ. ಪಾಪ, ಇವರಿಗೇನು ಗೊತ್ತಾಗಬೇಕು? ನಂಬಿದ್ದು ನನ್ನ ತಪ್ಪು."

ಯಾರೋ ನಕ್ಕರು. ನಗು ಒಬ್ಬರಿಂದ ಒಬ್ಬರಿಗೆ ಹಬ್ಬಿತು. ಸಿಟ್ಟಿನಿಂದ ಬಂದವರು ನಗುತ್ತ ಹಣ ವಾಪಸು ಪಡೆದು ಹೋದರು. ಕೋಣೆಯಲ್ಲಿ ಇಬ್ಬರೇ ಇದ್ದಾಗ ಆಡಿದ ಮಾತಿಗೆ ರೇಣುಕಾ ಸಾಕ್ಷಿ ಎಲ್ಲಿಂದ ತರಬೇಕು? ಕೆಲಸ ಹೋಯಿತು, ಪರದೇಶದವರು ಕೆಲಸ ಮಾಡಲು ಬೇಕಾದ ಸರ್ಕಾರಿ ಪಾಸೂ ರದ್ದಾಗಿ ಗಂಡನ ಆಸರೆಯಲ್ಲಿ ಉಳಿದಳು. ಯುಗಾದಿ ಊಟಕ್ಕೆ ಸೇರಿದ ಕನ್ನಡದವರಲ್ಲೂ ಸುದ್ದಿ ಹರಡಿತ್ತು. "ಏನ್ರೀ ರೇಣುಕಾ, ಈ ಪಾನಕ ಅಸಲೀನಾ?" ಎಂದು ಒಬ್ಬರು ಲೋಟ ಹಿಡಿದು ಕೇಳಿದರು. ಅವಳು ಎಲೆಯ ಮುಂದಿನಿಂದ ಎದ್ದು ಬಂದಳು. ಮತ್ತೆ ಆ ಕಡೆ ಹೋಗಲಿಲ್ಲ.

"ಹೋಗ್ಲಿ ಬಿಡು ರೇಣು. ಅವನ ಹಣೇಬರಾ ಅವನಿಗೆ" ಎಂದ ಶರಣಬಸಪ್ಪ.

"ಹೆಂಗ ಬಿಡ್ಲಿರೀ? ಅವರೆಲ್ಲಾ ನಕ್ಕಿದ್ದು ಕಿವ್ಯಾಗ ಕೂತೈತಿ. ಅಂವನ ಬಾಯಿಂದ ಖರೇ ಹೊರಗ ತೆಗೀತೀನಿ. ಅಷ್ಟು ಮಂದಿ ಎದುರಿಗೇ."

ಆ ದಿನ ಹಾಲಿನಲ್ಲಿ ನಗದೆ ಕುಳಿತವಳು ಒಬ್ಬಳಿದ್ದಳು: ಟೋವಾ ಪಾಯೋದಲ್ಲೇ ಹಳೆಯ ಮದ್ಯದ ಅಂಗಡಿ ಇಟ್ಟಿದ್ದ ಚೀನೀ ಮುದುಕಿ ಮೇಡಂ ಗೋ. ರೇಣುಕಾ ಅವಳನ್ನು ಹುಡುಕಿಕೊಂಡು ಹೋಗಿ, ಕಲಿಸಿ ಎಂದು ಕೇಳಿದಳು. ಮುದುಕಿ ಇವಳನ್ನು ಮೇಲಿಂದ ಕೆಳಗೆ ನೋಡಿದಳು.

"ಯಾಕೆ ಕಲಿಯಬೇಕು?"

"ಒಬ್ಬನನ್ನು ಹಿಡಿಯಬೇಕು."

"ಗುಡ್ ಲಾ. ಹೊಟ್ಟೆಯಲ್ಲಿ ಬೆಂಕಿಯಿದ್ದರೆ ಬೇಗ ಕಲೀತಿ" ಎಂದು ಮೇಡಂ ಗೋ ಸ್ಟೂಲು ಎಳೆದು ಕೊಟ್ಟಳು. ಆಮೇಲೆ ಅಂಗಡಿಯ ಹೆಸರಿನಲ್ಲಿ ಕೆಲಸದ ಪಾಸನ್ನೂ ಮಾಡಿಸಿದಳು.

ಬೇಗ ಕಲಿತಳು. ಪಿಂಗಾಣಿ ಎಷ್ಟೇ ಗಟ್ಟಿಯಿದ್ದರೂ ಮದ್ಯ ವರ್ಷ ವರ್ಷ ಇಷ್ಟಿಷ್ಟು ಆರಿ ಹೋಗುತ್ತದೆ, ಹಾಗಾಗಿ ಹಳೆಯ ಜಾಡಿ ತೀರ ತುಂಬಿ ತೂಗಿದರೆ ಅನುಮಾನ ಪಡಬೇಕು. ತೀರ ಕಡಿಮೆ ತೂಗಿದರೆ ಅಸಲಿಯಾದರೂ ಬೆಲೆ ಇಳಿಯುತ್ತದೆ. ಜಾಡಿ, ಪೆಟ್ಟಿಗೆ, ಜೊತೆಗೆ ಬರುವ ಚೀಟಿ ಮೂರರ ನಂಬರೂ ಒಂದೇ ಇರಬೇಕು. ಈಚಿನ ಕಾಗದ ನೇರಳೆ ಬೆಳಕಿಗೆ ನೀಲಿಯಾಗಿ ಮಿನುಗುತ್ತದೆ, ಹಳೆಯದು ಮಂಕಾಗಿಯೇ ಉಳಿಯುತ್ತದೆ. ಒಂದು ಹನಿಯನ್ನು ಅಂಗೈಗೆ ತಿಕ್ಕಿ ಮೂಸಿದರೆ ಹಳೆಯ ಮದ್ಯ ಹುಳಿ ಬಂದ ಸೋಯಾ ಕಾಳಿನ ಹಾಗೆ ಬಹಳ ಹೊತ್ತು ನಾರುತ್ತದೆ.

ಒಂದು ದಿನ ಮೇಡಂ ಗೋ ಚಿಕ್ಕ ಬಟ್ಟಲನ್ನು ಮುಂದಿಟ್ಟಳು. "ಮೂಗು ಸಾಕಾಗೋದಿಲ್ಲ. ನಾಲಿಗೆಗೆ ಹಾಕಿ ಉಗಿದುಬಿಡು."

ರೇಣುಕಾ ಕೊರಳಲ್ಲಿ ಲಿಂಗ ಕಟ್ಟಿಕೊಂಡವಳು. ಬಟ್ಟಲನ್ನು ನೋಡುತ್ತ ಕುಳಿತಳು. 'ಇವರಿಗೇನು ಗೊತ್ತಾಗಬೇಕು' ಎಂದ ಆ ಮೆದು ದನಿ ನೆನಪಾಯಿತು. ಬಾಯಿಗೆ ಹಾಕಿದಳು, ಉಗಿದಳು, ಕಣ್ಣಲ್ಲಿ ನೀರು ಬರುವ ತನಕ ಬಾಯಿ ಮುಕ್ಕಳಿಸಿದಳು. ಈ ಪಾಪವನ್ನೂ ನಿನ್ನ ತಲೆಗೇ ಕಟ್ಟುತ್ತೇನೆ ಪಟ್ಟಾಭಿರಾಮ, ಎಂದುಕೊಂಡಳು. ಮರುದಿನ ಇನ್ನೊಂದು ಬಟ್ಟಲು ಕೇಳಿದಳು.

ಒಲಿಂಪಿಕ್ಸ್ ಮುಗಿದ ಮರುವರ್ಷದ ಹೊತ್ತಿಗೆ ನೆನಪಿನ ಜಾಡಿಗಳ ಬೆಲೆ ಹುಚ್ಚು ಹಿಡಿದ ಹಾಗೆ ಏರತೊಡಗಿತ್ತು. ಮೇಡಂ ಗೋಳ ಅಂಗಡಿಯ ಇಂಡಿಯನ್ ಹೆಂಗಸು ಒಪ್ಪಿದರೆ ಕಣ್ಣು ಮುಚ್ಚಿ ಕೊಳ್ಳಬಹುದು ಎಂಬ ಮಾತು ಗುವಾಂಗ್‌ಝೌ ತನಕ ಹೋಗಿತ್ತು. ಅಲ್ಲಿನ ಒಬ್ಬ ದೊಡ್ಡ ಗಿರಾಕಿ ಮಿಸ್ಟರ್ ಲಾವ್. ಪಟ್ಟಾಭಿರಾಮ ತನ್ನಲ್ಲಿದ್ದ ಹಣವನ್ನೆಲ್ಲ ಸುರಿದು ಹಾಂಕಾಂಗ್ ಮರಳಿದ ವರ್ಷದ ಜಾಡಿಯೊಂದನ್ನು ತಂದಿದ್ದ. ಅದು ಸಿಗುವುದೇ ಅಪರೂಪ. ಲಾವ್ ಅದನ್ನು ಕೊಳ್ಳಲು ಸಿದ್ಧ, ಆದರೆ ರೇಣುಕಾ ನೋಡಿ ಹೇಳಬೇಕು ಎಂದುಬಿಟ್ಟ.

ಹಾಗಾಗಿ ಪಟ್ಟಾಭಿರಾಮ ಅಂಗಡಿಗೆ ಬರಲೇಬೇಕಾಯಿತು. ಕೈಯಲ್ಲಿ ಮೈಸೂರು ಪಾಕಿನ ಡಬ್ಬ.

"ಹಳೇದೆಲ್ಲ ಮರೆತುಬಿಡೋಣ ರೇಣುಕಾ ಅವರೇ. ಕನ್ನಡದವರು ಕನ್ನಡದವರಿಗೆ ಹೆಲ್ಪ್ ಮಾಡದೆ ಇನ್ಯಾರು ಮಾಡ್ತಾರೆ?"

"ಬರ್ತೀನಿ ಸರ್. ಆದ್ರೆ ಒಂದು ಕಂಡಿಷನ್ನು. ಅವತ್ತು ಆ ಹಾಲಿನಲ್ಲಿ ಯಾರ‍್ಯಾರು ಇದ್ರೋ ಅವರನ್ನೂ ಕರೀರಿ. ನಾನು ಈಗ ಹೇಗೆ ನೋಡ್ತೀನಿ ಅಂತ ಅವರೂ ನೋಡ್ಲಿ."

ಅವನಿಗೆ ಅದು ಹೆಂಗಸಿನ ಹಟ ಎನಿಸಿರಬೇಕು. ಒಪ್ಪಿದ.

ಅದು ನಕಲಿಯಾಗಿರಲಿ ಎಂದು ರೇಣುಕಾ ಹಾದಿಯುದ್ದಕ್ಕೂ ಬೇಡಿಕೊಂಡಳು. ಲಾವ್ ಬಂದು ಇಳಿದಿದ್ದ ಹೋಟೆಲಿನ ಕೋಣೆಯಲ್ಲಿ ಅವನು, ಮೇಡಂ ಗೋ, ಹಳೆಯ ಗಿರಾಕಿಗಳು ಎಲ್ಲರೂ ಇದ್ದರು. ಅವಳು ಜಾಡಿಯನ್ನು ತೂಗಿದಳು. ಆರಬೇಕಾದಷ್ಟೇ ಆರಿತ್ತು. ತಳ ನುಣುಪು, ಎಲ್ಲೂ ಕೊರೆದ ಗುರುತಿಲ್ಲ. ಲೇಬಲ್ಲು ಟಾರ್ಚಿಗೆ ಮಂಕಾಗಿಯೇ ಉಳಿಯಿತು. ಮೂರು ನಂಬರೂ ಸೇರಿದವು. ಮುಚ್ಚಳದ ಸುತ್ತ ಮೂಸಿದಳು, ಇನ್ನೊಮ್ಮೆ ಮೂಸಿದಳು. ಅನುಮಾನವೇ ಇಲ್ಲ, ಅಸಲಿ.

ಇದಕ್ಕಾಗಿಯೇ ಬಾಯಿ ಕೆಡಿಸಿಕೊಂಡೆನೆ? ನಕಲಿ ಎಂದುಬಿಟ್ಟರೆ ನಂಬುತ್ತಾರೆ. ಒಂದೇ ಮಾತು. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆಗ ತಲೆಯೆತ್ತಿ ಪಟ್ಟಾಭಿರಾಮನನ್ನು ನೋಡಿದಳು. ಎಸಿ ಕೋಣೆಯಲ್ಲೂ ಅವನ ಕಾಲರು ಒದ್ದೆಯಾಗಿತ್ತು. ಕಣ್ಣು ಅವಳ ತುಟಿಯ ಮೇಲೇ ಇತ್ತು. ಇವನಿಗೇ ಗೊತ್ತಿಲ್ಲ! ಇಷ್ಟು ವರ್ಷ ಈ ವ್ಯಾಪಾರ ಮಾಡಿದವನಿಗೆ ತನ್ನ ಜಾಡಿ ಅಸಲಿಯೋ ನಕಲಿಯೋ ತಿಳಿಯದು. ರೇಣುಕಾ ಟಾರ್ಚನ್ನು ನಿಧಾನವಾಗಿ ಆರಿಸಿದಳು.

"ಜಾಡಿ ನೋಡಿಯಾಯಿತು" ಎಂದು ಎಲ್ಲರಿಗೂ ಕೇಳುವಂತೆ ಇಂಗ್ಲಿಷಿನಲ್ಲಿ ಹೇಳಿದಳು. "ಆದರೆ ಮಾಲು ಯಾರ ಕೈಯಿಂದ ಬರುತ್ತಿದೆ ಎನ್ನುವುದೂ ಪರೀಕ್ಷೆಯ ಭಾಗ. ಮಿಸ್ಟರ್ ಪಟ್ಟಾಭಿರಾಮ, ಎರಡು ಸಾವಿರದ ಆರರ ಆ ಜಾಡಿಗಳು ನಕಲಿ ಎಂದು ಮಾರುವ ಮೊದಲೇ ನಿಮಗೆ ಯಾರಾದರೂ ಹೇಳಿದ್ದರೇ?"

ಅವನು ಹತ್ತಿರ ಸರಿದು ಕನ್ನಡದಲ್ಲಿ ಪಿಸುಗುಟ್ಟಿದ. "ರೇಣುಕಾ, ಪ್ಲೀಸ್. ಇಲ್ಲಿ ಬೇಡ. ಆಮೇಲೆ ನೀವು ಏನು ಹೇಳಿದ್ರೂ ಮಾಡ್ತೀನಿ."

"ಇಂಗ್ಲಿಷಿನಲ್ಲಿ ಹೇಳಿ ಸರ್. ಎಲ್ಲರಿಗೂ ಅರ್ಥವಾಗಲಿ. ಇಲ್ಲವಾದರೆ ನಾನು ಏನೂ ಹೇಳದೆ ಹೊರಡುತ್ತೇನೆ."

ಅವಳು ಚೀಲಕ್ಕೆ ಕೈಹಾಕಿದಳು. ಏನೂ ಹೇಳದೆ ಹೊರಟರೆ ಅದು ನಕಲಿ ಎಂದಷ್ಟೇ ಅರ್ಥವೆಂದು ಆ ಕೋಣೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಪಟ್ಟಾಭಿರಾಮ ಲಾವ್‌ನ ಮುಖ ನೋಡಿದ, ಜಾಡಿ ನೋಡಿದ.

"ಹೇಳಿದ್ದರು" ಎಂದ.

"ಯಾರು?"

"ನೀವು. ಮಾರಬಾರದು ಅಂತ ಹೇಳಿದ್ದಿರಿ. ನಾನು ಮಾರಿದೆ. ಆಮೇಲೆ ನಿಮ್ಮ ಮೇಲೆ ಹಾಕಿದೆ."

ಅಂದು ನಕ್ಕವರು ಇಂದು ನಗಲಿಲ್ಲ. ಮೇಡಂ ಗೋ ಮಾತ್ರ ಮೂಗಿನಲ್ಲೇ ಸಣ್ಣಗೆ ಸದ್ದು ಮಾಡಿದಳು. ರೇಣುಕಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆ ಸುಖ ಮೈಯೆಲ್ಲ ಹರಿದು ಕಿವಿ ಬಿಸಿಯಾಯಿತು.

"ಥ್ಯಾಂಕ್ಯೂ" ಎಂದಳು. "ಜಾಡಿ ಅಸಲಿ. ತೂಕ, ಸೀಲು, ಕಾಗದ ಎಲ್ಲ ಸರಿ. ಈ ಸ್ಥಿತಿಯಲ್ಲಿ ಇಂಥದ್ದು ಮತ್ತೆ ಸಿಗುವುದು ಕಷ್ಟ."

ಪಟ್ಟಾಭಿರಾಮ ಉಸಿರು ಬಿಟ್ಟು ಲಾವ್‌ನತ್ತ ಕೈ ಚಾಚಿದ. ಲಾವ್ ಆ ಕೈಯನ್ನು ನೋಡಿದ, ಹಿಡಿಯಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಎದ್ದ.

"ಜಾಡಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೆ ಗೊತ್ತಿದ್ದೂ ನಕಲಿ ಮಾರಿದವನಿಂದ ನಾನು ಏನನ್ನೂ ಕೊಳ್ಳುವುದಿಲ್ಲ."

ಅವನ ಹಿಂದೆಯೇ ಉಳಿದವರೂ ಒಬ್ಬೊಬ್ಬರಾಗಿ ಹೋದರು. ಅಸಲಿ ಜಾಡಿಯ ಪಕ್ಕ ಪಟ್ಟಾಭಿರಾಮ ಒಬ್ಬನೇ ನಿಂತಿದ್ದ.

ರಾತ್ರಿ ಊಟಕ್ಕೆ ಕುಳಿತಾಗ ರೇಣುಕಾ ನಡೆದದ್ದನ್ನೆಲ್ಲ ಹೇಳಿದಳು. ಶರಣಬಸಪ್ಪ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದ. "ಅಸಲಿ ಅಂತ ಮೊದಲ ಹೇಳಿದ್ರ ಅಂವ ಉಳೀತಿದ್ದ, ಅಲ್ಲೇನು?"

"ಉಳೀತಿದ್ದ. ಅದಕ್ಕ ಆಮ್ಯಾಲ ಹೇಳಿದ್ನಿ."

ಶರಣಬಸಪ್ಪ ಹೆಂಡತಿಯ ಮುಖ ನೋಡಿ ಪಲ್ಯದ ಪಾತ್ರೆಯನ್ನು ಅವಳತ್ತ ಸರಿಸಿದ.

ವರ್ಷ ಮುಗಿಯುವುದರೊಳಗೆ ಪಟ್ಟಾಭಿರಾಮ ಕಂಪನಿ ಮುಚ್ಚಿದ. ಆ ಜಾಡಿ ಕೈಯಿಂದ ಕೈಗೆ ಹೋಗಿ ಎಲ್ಲೋ ಬಹಳ ಕಡಿಮೆಗೆ ಬಿಕರಿಯಾಯಿತಂತೆ. ಊರಿಗೆ ಹೊರಡುವ ಮುನ್ನ ಅವನು ಒಮ್ಮೆ ಫೋನ್ ಮಾಡಿದ.

"ಒಂದೇ ಪ್ರಶ್ನೆ. ನನ್ನ ಬಾಯಿ ಬಿಡಿಸೋ ಮೊದಲೇ ಅದು ಅಸಲಿ ಅಂತ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು ಸರ್" ಎಂದಳು ರೇಣುಕಾ, ಅವನದೇ ಮೆದು ದನಿಯಲ್ಲಿ. ಫೋನಿಟ್ಟು, ಅಂಗಡಿಯ ಬಾಗಿಲಲ್ಲಿ ಜಾಡಿಯ ಪೆಟ್ಟಿಗೆ ಹಿಡಿದು ನಿಂತಿದ್ದ ಹೊಸ ಗಿರಾಕಿಯನ್ನು ಒಳಗೆ ಕರೆದಳು.