ತುಂಗತ್ತೆಯ ರಾಣಿಯರು

ತುಂಗತ್ತೆ ಬಾಗಿಲು ತೆರೆಯುವ ಮೊದಲು ಕಿಟಕಿಯ ಸಂದಿಯಿಂದ ಬಂದವರ ಕಾಲು ನೋಡುತ್ತಿದ್ದರು. ಮುಖ ಆಮೇಲೆ. ಮುಖವನ್ನು ಯಾರು ಬೇಕಾದರೂ ನಗಿಸಿಕೊಂಡು ಬರಬಹುದು, ಒಳಗೊಂದು ಇಟ್ಟುಕೊಂಡು ಬಂದವರ ಕಾಲು ಸುಮ್ಮನೆ ನಿಲ್ಲುವುದಿಲ್ಲ ಎನ್ನುವುದು ಅವರ ವಾದ. ಹಾಲಿನವನು ಹಸುವನ್ನು ಮನೆ ಮುಂದೆಯೇ ತಂದು ನಿಲ್ಲಿಸಿದರೂ, ಕರೆಯುವ ಮೊದಲು ಅವನ ಚೊಂಬನ್ನು ಬೋರಲು ಹಾಕಿಸಿ ನೋಡುತ್ತಿದ್ದರು. ನಮ್ಮ ಜಯನಗರ ಆಗಿನ್ನೂ ಅರ್ಧ ಬಡಾವಣೆ, ಅರ್ಧ ಬಯಲು. ಯಡಿಯೂರು ಕೆರೆಯ ಕಡೆಯಿಂದ ಗಾಳಿ ಬೀಸಿ ಕದ ಅಲುಗಿದರೂ "ಯಾರದು, ಹೆಸರು ಹೇಳಿ" ಎನ್ನುವ ಹೆಂಗಸು. ಗಂಡ ತೀರಿಕೊಂಡ ಮೇಲೆ ನಮ್ಮ ಪಕ್ಕದ ಮನೆಯಲ್ಲಿ ಒಬ್ಬರೇ ಇದ್ದರು. ನೆಂಟರೇನೂ ಅಲ್ಲ, ಆದರೆ ಬೀದಿಯ ಮಕ್ಕಳಿಗೆಲ್ಲ ಅತ್ತೆ.

ಇಂಥ ಅನುಮಾನದ ಪ್ರಾಣಿ ನವರಾತ್ರಿ ಬಂತೆಂದರೆ ಬೀದಿಯ ಹೆಣ್ಣುಮಕ್ಕಳನ್ನೆಲ್ಲ ಒಳಗೆ ಸೇರಿಸಿಕೊಂಡು ವೇಷ ಹಾಕುತ್ತಿದ್ದರು. ಬೇರೆ ಬೀದಿಯ ಮಕ್ಕಳು ಮನೆಮನೆಗೆ ಹೋಗಿ "ಬೊಂಬೆ ಕೂರ್ಸಿದೀರಾ?" ಎಂದು ಕೇಳಿ, ಬೊಂಬೆ ನೋಡಿದ ಶಾಸ್ತ್ರ ಮಾಡಿ, ತಿಂಡಿ ಈಸಿಕೊಂಡು ಓಡುತ್ತಿದ್ದವು. ನಾವು ಹಾಗಲ್ಲ. ಒನಕೆ ಹೊತ್ತ ಓಬವ್ವ, ಕಚ್ಚೆ ಬಿಗಿದ ಕಿತ್ತೂರು ಚೆನ್ನಮ್ಮ, ಮಗುವಿನ ಬದಲು ಬೆನ್ನಿಗೆ ದಿಂಬು ಕಟ್ಟಿಕೊಂಡ ಝಾನ್ಸಿ ರಾಣಿ, ಹೀಗೆ ದಂಡು ಕಟ್ಟಿಕೊಂಡು ಹೋಗುತ್ತಿದ್ದೆವು. ರಟ್ಟಿನ ಕತ್ತಿಗೆ ಕಾಗೆಬಂಗಾರ ಅಂಟಿಸಿರುತ್ತಿತ್ತು. ಒನಕೆ ಮಾತ್ರ ನಿಜವಾದದ್ದು, ಅದನ್ನು ಹೊತ್ತು ನನ್ನ ಭುಜ ಎರಡು ದಿನ ನೋಯುತ್ತಿತ್ತು.

ಯಾವ ವೇಷ ಎನ್ನುವುದನ್ನು ನಾವು ಆರಿಸುವಂತಿರಲಿಲ್ಲ. "ಸೀತೆ ಆಗ್ತೀನಿ ಅತ್ತೆ" ಎಂದರೆ "ಯಾಕೆ, ಬೆಂಕಿಗೆ ಬೀಳು ಅಂದ್ರೆ ಬೀಳ್ತೀಯಾ?" ಎನ್ನುವರು. ಸಾವಿತ್ರಿಗೆ ಅರ್ಧ ಒಪ್ಪಿಗೆ. "ಯಮನ್ನ ಮಾತಲ್ಲಿ ಸೋಲಿಸ್ತಾಳಲ್ಲ, ಅಷ್ಟು ಮಾಡು. ಅಳೋ ಭಾಗ ಬೇಡ." ಒಂದು ವರ್ಷ ನನ್ನ ಜಡೆ ಬಿಚ್ಚಿ ಹರಡಿ ದ್ರೌಪದಿ ಮಾಡಿದರು. ದೀಪ ಹಚ್ಚುವ ಹೊತ್ತಿನಲ್ಲಿ ಕೂದಲು ಬಿಚ್ಚಿಕೊಂಡು ಬಂದ ನನ್ನನ್ನು ಕಂಡು ನಮ್ಮಜ್ಜಿ ಕೂಗಾಡಿದರೆ, ತುಂಗತ್ತೆ ಕಾಂಪೌಂಡಿನ ಆಚೆಯಿಂದಲೇ, "ಅವಳ ಮುಡಿಗೆ ಕೈ ಹಾಕಿದೋರನ್ನ ಮೊದ್ಲು ಬೈದು ಬನ್ನಿ, ಆಮೇಲೆ ನನ್ನನ್ನ ಬೈಯೋರಂತೆ" ಎಂದರು.

ಒಂದು ಕಟ್ಟುನಿಟ್ಟಿತ್ತು. ಪ್ರತಿ ಮನೆಯಲ್ಲೂ ನೆಟ್ಟಗೆ ನಿಂತು, ತಲೆ ಎತ್ತಿ, ಆ ರಾಣಿ ಆಡಿರಬಹುದಾದ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು. ಗೊಣಗಿದರೆ "ನೆಲಕ್ಕೆ ಹೇಳ್ತಿದೀಯಾ?" ಎಂದು ಮತ್ತೆ ಹೇಳಿಸುತ್ತಿದ್ದರು. ಇಷ್ಟೆಲ್ಲ ಮಾಡುವವರು ತಮ್ಮ ಮನೆಯಲ್ಲಿ ಒಂದು ಬೊಂಬೆಯನ್ನೂ ಕೂರಿಸುತ್ತಿರಲಿಲ್ಲ. ಬೀದಿಯ ಹೆಂಗಸರು ಅದಕ್ಕೆ ಏನೇನೋ ಕಾರಣ ಹುಡುಕುತ್ತಿದ್ದರು.

ನಮ್ಮಕ್ಕ ವಿಮಲಾ ಎಸ್ಸೆಸ್ಸೆಲ್ಸಿ ಓದುತ್ತಿದ್ದ ವರ್ಷ. ಅವಳಿಗೆ ಕಾಲೇಜು ಸೇರುವ ಆಸೆ, ಆದರೆ ಅಪ್ಪನ ಮುಂದೆ ಬಾಯಿ ಬಿಟ್ಟಿರಲಿಲ್ಲ. ಅವಳೇ ಆ ಸಲದ ಚೆನ್ನಮ್ಮ. ಅಷ್ಟಮಿಯ ದಿನ ಅಪ್ಪ, "ವಿಮಲಂಗೆ ಇವತ್ತು ವೇಷ ಬೇಡ, ಅಮ್ಮನ ರೇಷ್ಮೆ ಸೀರೆ ಉಟ್ಕೊಂಡು ಮನೇಲಿರ್ಲಿ" ಎಂದರು. ನಾನು ಹೋಗಿ ಹೇಳಿದ್ದೇ ತಡ, ತುಂಗತ್ತೆಯ ಕೈಯಲ್ಲಿದ್ದ ಕಾಡಿಗೆ ನಿಂತಿತು.

"ನಿಮ್ಮಪ್ಪ ಯಾವತ್ತಾದ್ರೂ ಬೊಂಬೆ ಮೆಟ್ಲಿಗೆ ಬಟ್ಟೆ ತಂದಿದ್ರಾ?"

"ಇಲ್ಲ. ಈ ಸಲ ತಂದ್ರು."

"ಅದೇ ನೋಡು" ಎಂದವರು ನನ್ನ ಮೀಸೆ ಬರೆಯುವುದನ್ನು ಅರ್ಧಕ್ಕೇ ಬಿಟ್ಟು ನಮ್ಮ ಮನೆಗೆ ನಡೆದರು. ಓಬವ್ವನಿಗೆ ಮೀಸೆ ಯಾಕೆ ಎಂದು ನಾನು ಅವತ್ತೂ ಕೇಳಲಿಲ್ಲ.

ಸಂಜೆ ವಿಲ್ಸನ್ ಗಾರ್ಡನ್ನಿನಿಂದ ಇಬ್ಬರು ಹೆಂಗಸರು ಬಂದರು. ನಿಮ್ಮ ಮನೆ ಬೊಂಬೆ ಬಹಳ ಚೆನ್ನಾಗಿದೆಯಂತೆ, ನೋಡಿ ಹೋಗೋಣ ಅಂತ ಬಂದ್ವಿ ಎಂದರು. ಅಕ್ಕನಿಂದ ಹಾಡು ಹೇಳಿಸಿದರು. ನೀರು ಕೇಳಿದರು, ತಂದಳು. ಅರಿಶಿನ ಕುಂಕುಮ ಕೊಡಲು ಬಗ್ಗಿದಾಗ ಒಬ್ಬರು ಅವಳ ಜಡೆಯನ್ನು ಮೆಲ್ಲಗೆ ಎಳೆದು ನೋಡಿದರು. ಮೂಲೆಯಲ್ಲಿ ಕೂತಿದ್ದ ತುಂಗತ್ತೆ ಬಹಳ ಮೃದುವಾಗಿ, "ಪಟ್ಟದ ಬೊಂಬೆ ರಾಣಿಗೆ ಯಾವ ಬಣ್ಣದ ಸೀರೆ ಉಡ್ಸಿದೀವಿ, ತಿರುಗದೆ ಹೇಳಿ ನೋಡೋಣ" ಎಂದರು. ಬೊಂಬೆಗಳಿಗೆ ಬೆನ್ನು ಹಾಕಿ ಕೂತಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡರು.

"ರಾಯರೇ, ಇವರು ಬೊಂಬೆ ನೋಡೋಕೆ ಬಂದಿಲ್ಲ" ಎಂದರು ತುಂಗತ್ತೆ.

ಅಪ್ಪ ಕೆಂಪಾದರು. "ಹೆಣ್ಣು ನೋಡೋಕೆ ಅಂದ್ರೆ ಹುಡುಗಿ ಗಾಬರಿ ಆಗ್ತಾಳೆ ಅಂತ ಹೇಳಿರ್ಲಿಲ್ಲ. ಒಳ್ಳೇ ಸಂಬಂಧ. ನಿಮಗ್ಯಾಕೆ ಇದೆಲ್ಲ?"

"ನನ್ನನ್ನೂ ಹೀಗೇ ನೋಡ್ಕೊಂಡು ಹೋದ್ರು. ನಾನು ಬೊಂಬೆ ಮುಂದೆ ಕೂತ್ಕೊಂಡು ಕಡಲೆಕಾಳು ಹಂಚ್ತಿದ್ದೆ. ಮದ್ವೆ ಚಪ್ಪರ ಹಾಕ್ದಾಗ ಯಾರಿಗೆ ಅಂತ ನಾನೇ ಕೇಳ್ದೆ."

ಆಗ ನಮ್ಮಕ್ಕ ಕುಂಕುಮದ ಬಟ್ಟಲನ್ನು ಕೆಳಗಿಟ್ಟು ಎದ್ದು ನಿಂತಳು. ಸ್ವರ ನಡುಗುತ್ತಿತ್ತು, ಆದರೆ ತಲೆ ಎತ್ತಿದ್ದಳು. "ಅಪ್ಪ, ನಾನು ಕಾಲೇಜಿಗೆ ಸೇರ್ತೀನಿ." ನನಗೆ ಅವತ್ತು ಅವಳ ಮೇಲೆ ಬಂದ ಹೆಮ್ಮೆ ಅಷ್ಟಿಷ್ಟಲ್ಲ.

ಆ ಸಂಬಂಧ ಅಲ್ಲಿಗೇ ನಿಂತಿತು. ಅಪ್ಪ ತುಂಗತ್ತೆಯ ಹತ್ತಿರ ಮಾತು ಬಿಟ್ಟರು. ಆದರೂ ಅಕ್ಕನನ್ನು ಕಾಲೇಜಿಗೆ ತಾವೇ ಕರೆದುಕೊಂಡು ಹೋಗಿ ಸೇರಿಸಿದರು. ಓದು ಮುಗಿದು ಅವಳು ಹೈಸ್ಕೂಲಿನಲ್ಲಿ ಟೀಚರಾದಳು. ಆಮೇಲೆ ಬಂದ ಸಂಬಂಧಗಳಲ್ಲಿ ಕೆಲವು ಅವಳಿಗೆ ಹಿಡಿಸಲಿಲ್ಲ, ಕೆಲವರಿಗೆ ಅವಳ ಕೆಲಸ ಹಿಡಿಸಲಿಲ್ಲ.

ತುಂಗತ್ತೆ ಮನೆ ಖಾಲಿ ಮಾಡಿ ಮೈಸೂರಿನ ತಂಗಿಯ ಮನೆಗೆ ಹೊರಟ ದಿನ ನಾವಿಬ್ಬರೂ ಸಾಮಾನು ಕಟ್ಟಲು ಹೋಗಿದ್ದೆವು. ಟ್ರಂಕಿನ ಮೇಲೆ ಕೂತಿದ್ದವರು ಇದ್ದಕ್ಕಿದ್ದಂತೆ ಅಕ್ಕನನ್ನು ಕೇಳಿದರು.

"ವಿಮಲಾ, ಅವತ್ತು ಕಾಲೇಜಿಗೆ ಸೇರ್ತೀನಿ ಅಂದ್ಯಲ್ಲ. ಅದು ನಿನ್ನ ಮಾತೇನಾ? ಇಲ್ಲ, ನನ್ನ ಹೊಟ್ಟೇಲಿದ್ದ ಸಂಕಟಾನ ನಿನ್ನ ಬಾಯಲ್ಲಿ ಹೇಳಿಸ್ಬಿಟ್ನಾ?"

"ನನ್ನದೇ ಅತ್ತೆ."

"ನನ್ನ ಸಮಾಧಾನಕ್ಕೆ ಹೇಳ್ತಿಲ್ಲ ತಾನೆ? ನಿಮ್ಮಮ್ಮ ಕೊರಗ್ತಾಳೆ. ಆ ಹುಡುಗ ಒಳ್ಳೆಯವನೇ ಇದ್ನೋ ಏನೋ."

"ಇಲ್ಲ ಅತ್ತೆ, ನಿಜವಾಗ್ಲೂ ನನ್ನದೇ."

"ಹೂಂ" ಎಂದು ಎದ್ದು ಹಾಸಿಗೆಯ ಸುರುಳಿಗೆ ಹಗ್ಗ ಬಿಗಿಯತೊಡಗಿದರು.

ಮುಂದಿನ ದಸರಾಕ್ಕೆ ಮೊದಲೇ ಅವರು ತೀರಿಹೋದ ಸುದ್ದಿ ಮೈಸೂರಿನಿಂದ ಬಂತು. ಅಕ್ಕ ಸ್ಕೂಲಿನಿಂದ ಬಂದವಳು ಚೀಲವನ್ನೂ ಇಳಿಸದೆ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಅತ್ತಳು. ನಾನು ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

"ನನ್ನದೇ ಮಾತು ಅಂತ ಎರಡು ಸಲ ಹೇಳ್ದೆ ಕಣೇ" ಎಂದಳು. "ಅವರು ನಂಬ್ಲಿಲ್ಲ."