ಅರಿಶಿನ ಹಚ್ಚಿದ ಬಾಂದು ಕಲ್ಲು

ನಮ್ಮ ಮಾವನ ಬಲಗೈ ತೋರುಬೆರಳು ಯಾವಾಗಲೂ ಹಳದಿಯಾಗಿರುತ್ತಿತ್ತು. ಉಗುರಿನ ಸಂದಿಯಲ್ಲಿ ಅರಿಶಿನ ಕೂತು, ಸೋಪಿಗೂ ಹೋಗದಷ್ಟು ಕಲೆಯಾಗಿತ್ತು. ನೋಡಿದವರು ಇವರು ಬಹಳ ಹೊತ್ತು ಪೂಜೆಗೆ ಕೂರುವವರು ಎಂದುಕೊಳ್ಳುತ್ತಿದ್ದರು. ಮಾವ ದೇವರ ಮುಂದೆ ಒಂದು ಊದುಬತ್ತಿ ಹಚ್ಚಿ ಈಚೆ ಬಂದುಬಿಡುವವರು. ಅವರ ಅರಿಶಿನವೆಲ್ಲ ಕಲ್ಲುಗಳಿಗೆ ಹೋಗುತ್ತಿತ್ತು.

ಹಿಂದಿನ ಕಾಲದಲ್ಲಿ ನೆಲ ಅಳೆಯುವವರು ಗುರುತಿಗೆಂದು ನೆಟ್ಟುಹೋದ ಸರ್ವೆ ಕಲ್ಲುಗಳನ್ನು ಹುಡುಕಿ ಫೋಟೋ ತೆಗೆಯುವುದು ಅವರ ಹವ್ಯಾಸ. ಹಳಬರು ಅದನ್ನು ಬಾಂದು ಕಲ್ಲು ಎನ್ನುತ್ತಾರೆ. ಹೊಲದ ಮೂಲೆಯಲ್ಲಿ, ಕೆರೆ ಏರಿಯ ಮೇಲೆ, ಹಳೆಯ ಕಾಂಪೌಂಡುಗಳ ಬುಡದಲ್ಲಿ ಇರುತ್ತವೆ. ಮೈಸೂರಿನ ನಮ್ಮ ಲಕ್ಷ್ಮೀಪುರಂನಲ್ಲೇ ಒಂದು ತಿರುವಿನಲ್ಲಿ, ಲೈಟ್ ಕಂಬದ ಹಿಂದೆ ಒಂದಿದೆ. ಮದುವೆಯಾಗಿ ಬಂದಾಗಿನಿಂದ ಅದರ ಪಕ್ಕದಲ್ಲೇ ತರಕಾರಿಗೆ ಹೋಗಿಬರುತ್ತಿದ್ದರೂ ಮಾವ ತೋರಿಸುವವರೆಗೆ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಕಲ್ಲಿನ ಮೇಲೆ ಕೊರೆದ ಬಾಣ, ವೃತ್ತ, ಅಕ್ಷರಗಳು ಸವೆದು ಫೋಟೋದಲ್ಲಿ ಸರಿಯಾಗಿ ಮೂಡುತ್ತಿರಲಿಲ್ಲ. ಅದಕ್ಕೆ ಮಾವ ಅಕ್ಕಿಹಿಟ್ಟಿಗೆ ಅರಿಶಿನ ಬೆರೆಸಿ ಒಂದು ಸ್ಟೀಲ್ ಡಬ್ಬಿಯಲ್ಲಿ ತರುತ್ತಿದ್ದರು. ಮೊಣಕಾಲೂರಿ ಕೂತು, ಬೆರಳಿನಿಂದ ಒಂದೊಂದೇ ಗೀರಿಗೆ ತುಂಬಿ, ಹೆಚ್ಚಾದದ್ದನ್ನು ಬಾಯಿಂದ ಊದುವರು. ಫೋಟೋ ಆದಮೇಲೆ ಬಾಟಲಿಯ ನೀರು ಸುರಿದು ತೊಳೆಯುವರು. "ಬಣ್ಣ ಬಳೀಬಾರದು ಕಣಮ್ಮ. ಹಿಟ್ಟಾದರೆ ಅಲ್ಪಸ್ವಲ್ಪ ಉಳಿದರೂ ಇರುವೆ ತಿನ್ನುತ್ತೆ" ಎನ್ನುತ್ತಿದ್ದರು.

ಮಾವ ಒಬ್ಬ ವಕೀಲರ ಬಳಿ ಗುಮಾಸ್ತರಾಗಿದ್ದವರು. "ಜೀವಮಾನವೆಲ್ಲ ಪೂರ್ವಕ್ಕೆ ಬಾಂದು ಕಲ್ಲು, ಪಶ್ಚಿಮಕ್ಕೆ ಬಾಂದು ಕಲ್ಲು ಅಂತ ಟೈಪ್ ಮಾಡಿದ್ದೇ ಆಯ್ತು, ಒಂದನ್ನೂ ಕಣ್ಣಲ್ಲಿ ಕಂಡಿರಲಿಲ್ಲ" ಎಂದು ನಗುತ್ತಿದ್ದರು. ಅತ್ತೆ ತೀರಿಕೊಂಡ ಮೇಲೆ ಮನೆಯೊಳಗೆ ಕೂರಲಾರದೆ ಹೊರಟದ್ದು ಈ ಹುಡುಕಾಟ. ಆಮೇಲೆ ಹೃದಯಕ್ಕೆ ಸ್ಟೆಂಟ್ ಹಾಕಿದರು. ನನ್ನ ಯಜಮಾನರು, "ಅಪ್ಪ ಒಬ್ಬರೇ ಎಲ್ಲಿಗೂ ಹೋಗಕೂಡದು" ಎಂದುಬಿಟ್ಟರು. ಅವರಿಗೆ ಕಾರ್ಖಾನೆಯ ಪಾಳಿ. ಹಾಗಾಗಿ ಸ್ಕೂಟರಿನಲ್ಲಿ ಕರೆದುಕೊಂಡು ಹೋಗುವ ಕೆಲಸ ನನಗೆ ಬಂತು.

ನಾನು ಹೆದರುವ ಸ್ವಭಾವದವಳು. ಬೀಗ ಹಾಕಿದ ಮೇಲೆ ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಬಾಗಿಲು ತೆಗೆಯುವವಳು. ಮಾವ ಪೊದೆಯೊಳಗೆ ಕೈ ಹಾಕಿದರೆ ನನ್ನ ಜೀವ ಬಾಯಿಗೆ ಬರುತ್ತಿತ್ತು. ನಾಲಿಗೆಯ ಕೆಳಗಿಡುವ ಮಾತ್ರೆ ಚೀಲದಲ್ಲಿದೆಯೇ ಎಂದು ಸಿಗ್ನಲ್ ಸಿಗ್ನಲ್‌ಗೂ ಮುಟ್ಟಿ ನೋಡುತ್ತಿದ್ದೆ. ದಾರಿಯಲ್ಲಿ ಪರಿಚಯದವರು ಸಿಕ್ಕರೆ ಮಾವ ಹೇಳುವರು: "ನಮ್ಮ ಸೊಸೆ ಹಾವಿಗೆ ಹೆದರ್ತಾಳೆ, ನಾಯಿಗೆ ಹೆದರ್ತಾಳೆ. ಎರಡೂ ಕಾಣಿಸದಿದ್ರೆ, ಯಾಕಪ್ಪ ಕಾಣಿಸ್ತಿಲ್ಲ ಅಂತ ಹೆದರ್ತಾಳೆ." ನಾನೂ ನಗುತ್ತಿದ್ದೆ. ಕೈ ಮಾತ್ರ ಚೀಲದ ಮೇಲೇ ಇರುತ್ತಿತ್ತು.

ಅವರನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ರಿಂಗ್ ರೋಡ್ ಆಚೆಗಿನ ಒಂದು ಹಳ್ಳಿಯ ಕಲ್ಲು. ಅಲ್ಲಿ ಎರಡು ಹೊಲಗಳ ನಡುವಿನ ಬದುವಿನಲ್ಲಿ ಅದು ಸಿಕ್ಕಿತು. ಆ ಕಡೆ ಒಂದು ಮನೆ, ಈ ಕಡೆ ಒಂದು ಮನೆ. ಎರಡಕ್ಕೂ ಬೀಗ ಹಾಕಿತ್ತು. ಕೇಳೋಣವೆಂದರೆ ಯಾರೂ ಇರಲಿಲ್ಲ. ಕಲ್ಲಿನ ತಲೆಯ ಮೇಲೆ ವೃತ್ತ, ನಡುವೆ ಚುಕ್ಕಿ, ಪಕ್ಕದಲ್ಲಿ ಬಾಣ. ಮಾವನಿಗೆ ಆದ ಖುಷಿ ಹೇಳತೀರದು. ಹಿಟ್ಟು ತುಂಬಿ ಎಲ್ಲ ಕಡೆಯಿಂದ ಫೋಟೋ ತೆಗೆದರು. ಅಷ್ಟರಲ್ಲಿ ಚಾಮುಂಡಿ ಬೆಟ್ಟ ಮರೆಯಾಗುವಷ್ಟು ಮೋಡ ಕವಿಯಿತು. ಮಾವ ಆಕಾಶ ನೋಡಿ, "ನಡಿಯಮ್ಮ, ನಾನು ತೊಳೆಯೋದೇನು, ಮಳೆಯೇ ತೊಳೆದುಬಿಡುತ್ತೆ" ಎಂದರು. ಮನೆ ತಲುಪುವವರೆಗೂ ಒಂದು ಹನಿ ಬೀಳಲಿಲ್ಲ. ಮರುದಿನವೂ ಬೀಳಲಿಲ್ಲ.

ಮುಂದಿನ ವಾರ ಅದೇ ದಾರಿಯಲ್ಲಿ ಇನ್ನೊಂದು ಕಲ್ಲು ನೋಡಲು ಹೊರಟೆವು. ಹಳ್ಳಿಯ ತಿರುವಿನ ಟೀ ಅಂಗಡಿಯಲ್ಲಿ ನಿಲ್ಲಿಸಿದಾಗ ಅಂಗಡಿಯವನು ತಾನಾಗಿಯೇ ಹೇಳಿದ.

"ಆ ಬದಿನ್ ಕಡೆ ಹೋಗ್ಬೇಡಿ ಸಾರ್. ಮಾಟ ಮಾಡ್ಸವ್ರೆ."

"ಮಾಟವಾ? ಯಾರಿಗಪ್ಪ?"

"ಅಣ್ಣ ತಮ್ಮಂದಿರು ಸಾರ್. ನಡುವಿನ ಕಲ್ಲಿಗೆ ಅರಿಸ್ನದಲ್ಲಿ ಚಕ್ರ ಬರ್ದು, ಬಾಣ ಬರ್ದವ್ರೆ. ಬಾಣದ ಮೊನೆ ನೆಟ್ಟಗೆ ಅಣ್ಣನ ಮನೆ ಬಾಗ್ಲಿಗೇ ಅದೆ. ಮಾರನೇ ದಿನವೇ ಅಣ್ಣನ ಮಗೀಗೆ ಜ್ವರ. ಮೈಸೂರು ಆಸ್ಪತ್ರೇಲಿ ಮಲಗ್ಸವ್ರೆ. ತಮ್ಮನೇ ಮಾಡ್ಸಿದ್ದು ಅಂತ ಅಣ್ಣ ಬೋರ್‌ವೆಲ್ ನೀರು ನಿಲ್ಲಿಸ್ಬುಟ್ಟವ್ನೆ. ತಮ್ಮನ ಟೊಮೆಟೊ ಸಸಿ ಒಣಗ್ತಾ ಅದೆ. ಇವತ್ತೋ ನಾಳೆನೋ ಮಚ್ಚು ಎತ್ಕತಾರೆ, ನೋಡ್ತಾ ಇರಿ."

ನಾನು ಟೀ ಲೋಟವನ್ನು ಅರ್ಧಕ್ಕೇ ಕೆಳಗಿಟ್ಟೆ. ಮಾವನ ಶರ್ಟಿನ ತೋಳು ಎಳೆದು, "ಮಾವ, ಬನ್ನಿ ಮನೆಗೆ ಹೋಗೋಣ" ಎಂದು ಪಿಸುಗುಟ್ಟಿದೆ. ಅವರು ತಮ್ಮ ಹಳದಿ ಬೆರಳು ನೋಡಿಕೊಳ್ಳುತ್ತಿದ್ದರು.

"ಹಚ್ಚಿದ್ದು ನಾನು" ಎಂದರು.

"ಫೋನ್ ಮಾಡಿ ಯಾರ ಕೈಲಾದರೂ ಹೇಳಿಸೋಣ. ಅವರು ಹೊಡೆದರೆ? ನಿಮ್ಮ ಹೃದಯ..."

"ಇಂಥ ಕೇಸು ಎಷ್ಟು ಟೈಪ್ ಮಾಡಿಲ್ಲ ನಾನು. ಒಂದು ಸಲ ಕೋರ್ಟ್ ಮೆಟ್ಟಿಲು ಹತ್ತಿದರೆ ಮೊಮ್ಮಕ್ಕಳ ಕಾಲಕ್ಕೂ ಇಳಿಯಲ್ಲ. ಗಾಡಿ ತೆಗಿ."

ನಾನು ಗಾಡಿ ತೆಗೆದೆ. ಧೈರ್ಯ ಬಂದದ್ದರಿಂದಲ್ಲ. ತೆಗೆಯದಿದ್ದರೆ ಅವರು ನಡೆದೇ ಹೋಗುತ್ತಿದ್ದರು.

ಕಲ್ಲಿನ ಸುತ್ತ ಬೇವಿನ ಸೊಪ್ಪು ಹಾಕಿ, ಕೊಯ್ದ ನಿಂಬೆಹಣ್ಣು ಇಟ್ಟಿದ್ದರು. ಅಮಾವಾಸ್ಯೆಯವರೆಗೂ ಯಾರೂ ಮುಟ್ಟಬಾರದೆಂದು ಮಂತ್ರ ಹಾಕುವವನೊಬ್ಬ ಹೇಳಿಹೋಗಿದ್ದನಂತೆ. ಹಾಗಾಗಿ ಮಾವ ತುಂಬಿದ್ದ ಹಿಟ್ಟು ಹಾಗೇ ಗಟ್ಟಿಯಾಗಿ ಕೂತಿತ್ತು. ದೊಡ್ಡವನ ಮನೆಯ ಜಗಲಿಯ ಮೇಲೆ ಅವನ ತಾಯಿ, ವಯಸ್ಸಾದ ಹೆಂಗಸು, ಗೋಡೆಗೆ ಒರಗಿ ಕೂತಿದ್ದಳು. ಮಾವ ಚಪ್ಪಲಿ ಬಿಟ್ಟು ಕೈಮುಗಿದು, ಆದದ್ದನ್ನು ನೇರವಾಗಿ ಹೇಳಿದರು.

ದೊಡ್ಡವನು ಒಳಗಿಂದ ಬಂದವನು ಪೂರ್ತಿ ಕೇಳಲೂ ಇಲ್ಲ. "ತಮ್ಮ ಕಳ್ಸವ್ನಾ ನಿಮ್ನ? ನನ್ ಮಗಳು ಅಲ್ಲಿ ಮಲಗವ್ಳೆ, ಇಲ್ಲಿ ನಾಟಕ ಆಡಕ್ ಬಂದ್ರಾ?"

ಮಾವ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಅದರಿಂದ ಇನ್ನೂ ಕೆಟ್ಟಿತು.

"ನಮ್ ಜಮೀನ್ ಫೋಟೋ ನಿಮಗ್ಯಾಕೆ? ಲೇಔಟ್ ಮಾಡೋರ್ಗೆ ತೋರ್ಸಕ್ಕಾ?"

"ಇಲ್ಲಪ್ಪ, ಸುಮ್ಮನೆ. ನನಗೆ ಇಷ್ಟ, ಅದಕ್ಕೆ."

"ಕಲ್ಲು ಇಷ್ಟನಾ? ಕಲ್ನ ಇಷ್ಟಪಡೋರ್ನ ಎಲ್ಲಾರ ನೋಡಿದ್ದೀರೇನ್ರೋ?" ಎಂದು ಅವನು ಗದ್ದಲ ಕೇಳಿ ಬಂದು ಸೇರಿದ್ದ ಊರವರ ಕಡೆ ತಿರುಗಿದ. ಯಾರೋ ನಕ್ಕರು. ತಮ್ಮನ ಮನೆಯ ಬಾಗಿಲಲ್ಲಿ ಅವನ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು. ತಮ್ಮ ಬದುವಿನ ಆಚೆಯೇ ನಿಂತು ನೆಲ ನೋಡುತ್ತಿದ್ದ. ನಾನು ಚೀಲದಲ್ಲಿ ಮಾತ್ರೆಯನ್ನು ಬಿಗಿಯಾಗಿ ಹಿಡಿದುಕೊಂಡು, ಗಾಡಿ ಎಷ್ಟು ದೂರವಿದೆ, ಮಾವ ಕುಸಿದರೆ ಯಾರನ್ನು ಕೂಗಲಿ ಎಂದು ಯೋಚಿಸುತ್ತಿದ್ದೆ.

ಆಗ ಜಗಲಿಯ ಮೇಲಿನ ಮುದುಕಿ ಮಾತಾಡಿದಳು.

"ಯಾವ ಹಿಟ್ಟು ಅದು?"

"ಅಕ್ಕಿಹಿಟ್ಟು ಕಣವ್ವ. ರೊಟ್ಟಿ ತಟ್ಟೋ ಹಿಟ್ಟು. ಜೊತೆಗೆ ಅಡುಗೆ ಅರಿಶಿನ."

"ಅಂಗಾದ್ರೆ ತಿನ್ನು ನೋಡನ."

ನಾನು ಅವಸರದಲ್ಲಿ ಡಬ್ಬಿ ತೆಗೆದು ಮುಂದೆ ಹಿಡಿದೆ. "ಇದೇ ಹಿಟ್ಟು, ಇದನ್ನೇ ತಿಂತಾರೆ" ಎಂದೆ. ದೊಡ್ಡವನು ನನ್ನ ಕಡೆ ನೋಡಲೂ ಇಲ್ಲ.

"ಡಬ್ಬೀದಲ್ಲ. ಕಲ್ ಮೇಲಿಂದು."

ಕಲ್ಲಿನ ಮೇಲೆ ವಾರದ ಧೂಳು, ನಿಂಬೆಯ ರಸ, ಆ ಮಂತ್ರದವನು ಚಿಮುಕಿಸಿದ್ದ ಏನೇನೋ. "ಬೇಡ ಮಾವ" ಎಂದೆ. ಮಾವ ಬೇವಿನ ಸೊಪ್ಪನ್ನು ಪಕ್ಕಕ್ಕೆ ಸರಿಸಿ ಮೊಣಕಾಲೂರಿದರು. ಬೆರಳು ಒದ್ದೆ ಮಾಡಿಕೊಂಡು ಬಾಣದ ಗೀರಿನಿಂದ ಹಿಟ್ಟು ಕೆರೆದು ಬಾಯಿಗಿಟ್ಟರು. ನುಂಗಿದರು. ಮತ್ತೆ ವೃತ್ತದಿಂದ ಕೆರೆದರು. ಅದನ್ನೂ ನುಂಗಿದರು. ಇಡೀ ಗುಂಪು ಅವರ ಗಂಟಲನ್ನೇ ನೋಡುತ್ತಿತ್ತು.

"ಉಪ್ಪು ಕಮ್ಮಿ ಕಣವ್ವ" ಎಂದರು.

ಮುದುಕಿಯ ಮುಖ ಒಂದು ಥರ ಆಯಿತು. ನಗುವೋ ಅಳುವೋ ತಿಳಿಯಲಿಲ್ಲ. "ನೀರ್ ಕೊಡ್ರೋ ಅವ್ರಿಗೆ, ಗಂಟ್ಲಿಗೆ ಸಿಕ್ಕಾಕಂಡಾತು" ಎಂದಳು. ಚೊಂಬು ಹಿಡಿದು ಬಂದವಳು ತಮ್ಮನ ಹೆಂಡತಿ. ಬದು ದಾಟಿ ಈ ಕಡೆ ಕಾಲಿಟ್ಟಳು. ದೊಡ್ಡವನು ಅವಳನ್ನು ತಡೆಯಲಿಲ್ಲ. ಮಾವ ಅರ್ಧ ಕುಡಿದು, ಉಳಿದರ್ಧವನ್ನು ಕಲ್ಲಿನ ಮೇಲೆ ಸುರಿದು ಕೈಯಿಂದ ತಿಕ್ಕಿ ತೊಳೆದರು.

ಅಷ್ಟಕ್ಕೇ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ದೊಡ್ಡವನು, "ನನ್ ಮಗೀಗೆ ಏನಾರ ಆದ್ರೆ ಸುಮ್ಕೆ ಬಿಡಲ್ಲ. ಮನೆ ಎಲ್ಲಿ ಹೇಳ್ಬುಟ್ಟು ಹೋಗಿ" ಎಂದ. ಮಾವ ಲಕ್ಷ್ಮೀಪುರಂ, ಇಂಥ ರಸ್ತೆ, ಇಂಥ ಬಣ್ಣದ ಗೇಟು ಎಂದು ಬಿಡಿಸಿ ಬಿಡಿಸಿ ಹೇಳಿದರು. ನಂಟರನ್ನು ಊಟಕ್ಕೆ ಕರೆಯುವವರ ಹಾಗೆ.

ಮಾವ ಸ್ಕೂಟರಿನಲ್ಲಿ ಕೂತಾಗ ಹಿಂದಿನ ಕಂಬಿಯನ್ನು ಹಿಡಿಯುತ್ತಿದ್ದರೇ ಹೊರತು ಸೊಸೆಯ ಮೈ ಮುಟ್ಟುತ್ತಿರಲಿಲ್ಲ. ಅವತ್ತು ಹಳ್ಳಿ ದಾಟಿದ ಮೇಲೆ, "ಅಮ್ಮ, ಸ್ವಲ್ಪ ಹಿಡ್ಕೋತೀನಿ" ಎಂದು ನನ್ನ ಭುಜದ ಮೇಲೆ ಕೈ ಇಟ್ಟರು. ಆ ಕೈ ನನ್ನ ಕೈಗಿಂತ ಹೆಚ್ಚು ನಡುಗುತ್ತಿತ್ತು.

"ಎದೆ ನೋಯ್ತಿದೆಯಾ ಮಾವ?" ಎಂದು ಗಾಡಿ ನಿಲ್ಲಿಸಿದೆ.

"ಇಲ್ಲ ಕಣಮ್ಮ. ಭಯ. ಆಗಿಂದಲೂ ಇತ್ತು, ಈಗ ಈಚೆ ಬರ್ತಿದೆ. ನಡಿ, ನಿಧಾನಕ್ಕೆ ನಡಿ."

ಅವರಿಗೆ ಭಯವೇ ಇಲ್ಲ ಎಂದು ನಾನು ಅಲ್ಲಿಯವರೆಗೂ ನಂಬಿದ್ದೆ.

ಆಮೇಲಿನ ದಿನಗಳು ಹೇಗೆ ಕಳೆದವೋ ದೇವರಿಗೇ ಗೊತ್ತು. ಮಾವನ ಹೊಟ್ಟೆ ಕೆಡುತ್ತದೆಂದು ಒಂದು ಹೆದರಿಕೆ, ಆ ಮಗುವಿಗೆ ಏನಾಗುತ್ತದೋ ಎಂದು ಇನ್ನೊಂದು. ಗೇಟಿನ ಸದ್ದಾದರೆ ಕಿಟಕಿಯಿಂದ ಇಣುಕಿ ನೋಡುತ್ತಿದ್ದೆ. ಹಾಲಿನವನಿಗೂ ಬಾಗಿಲು ತೆಗೆಯುವ ಮುಂಚೆ ಯಾರು ಎಂದು ಕೇಳುತ್ತಿದ್ದೆ. ಮಾವ ದಿನಾ ಬೆಳಗ್ಗೆ ಆ ಹುಡುಗಿ ಮನೆಗೆ ಬಂದಿರಬಹುದೇ ಎನ್ನುವರು. ನಮ್ಮಿಬ್ಬರ ಬಳಿಯೂ ಆ ಮನೆಯ ನಂಬರು ಇರಲಿಲ್ಲ. ಆ ವಾರ ಅವರು ಡಬ್ಬಿಯನ್ನು ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ಮಾವ ಮಲಗಿದ್ದಾಗ ಗೇಟಿನ ಮುಂದೆ ಬೈಕ್ ನಿಂತಿತು. ಅವನೇ, ದೊಡ್ಡವನು. ನಾನು ಬಾಗಿಲ ಚಿಲಕ ಹಿಡಿದುಕೊಂಡೇ ನಿಂತೆ. ಅವನು ಒಳಗೆ ಬರಲಿಲ್ಲ. ಬೈಕಿನಿಂದ ಇಳಿಯಲೂ ಇಲ್ಲ.

"ಮಗಳು ಮನೆಗ್ ಬಂದ್ಳು. ಯಜಮಾನ್ರಿಗೆ ಹೇಳ್ಬುಡಿ" ಎಂದವನೇ ಬೈಕ್ ತಿರುಗಿಸಿದ.

ಓಡಿಹೋಗಿ ಮಾವನನ್ನು ಎಬ್ಬಿಸಿದೆ. ಅವರು ಎದ್ದು ಕೂತು, ಕನ್ನಡಕ ಹುಡುಕುತ್ತಾ ಕೇಳಿದ್ದು ಒಂದೇ: "ತಮ್ಮನಿಗೆ ನೀರು ಬಿಟ್ಟನಂತಾ?"

ನಾನು ಕೇಳಿರಲಿಲ್ಲ. ಚಪ್ಪಲಿಯನ್ನೂ ಮೆಟ್ಟದೆ ಬೀದಿಗೆ ಓಡಿದೆ. ಬೈಕ್ ತಿರುವಿನಲ್ಲಿತ್ತು. ಹಾದಿಬೀದಿಯಲ್ಲಿ ಎಂದೂ ಧ್ವನಿ ಎತ್ತದ ನಾನು, "ರೀ, ನೀರು ಬಿಟ್ರಾ?" ಎಂದು ಕೂಗಿದೆ. ಎದುರು ಮನೆಯವರು ಹೊರಗೆ ಬಂದು ನೋಡಿದರು. ಅವನು ಬೈಕ್ ನಿಲ್ಲಿಸಿ ಹಿಂದೆ ತಿರುಗಿದ.

"ಬುಟ್ಟೆ ಕಣಮ್ಮ. ಮಗೀಗೆ ರಕ್ತ ಕೊಟ್ಟಿದ್ದು ತಮ್ಮನೇ."

ಒಳಗೆ ಬಂದು ಮಾವನಿಗೆ ಹೇಳಿದೆ. ಅವರು, "ಮಳೆ ನಂಬಿ ಬಂದ್ಬುಟ್ನಲ್ಲಮ್ಮ ನಾನು" ಎಂದು ಕಣ್ಣೊರೆಸಿಕೊಂಡರು. ಅಲ್ಲಿಂದ ಮುಂದೆ ಎಷ್ಟು ಮೋಡವಿದ್ದರೂ ಎರಡೆರಡು ಬಾಟಲಿ ನೀರು ಒಯ್ಯುತ್ತಿದ್ದರು. ಸುತ್ತ ಮನೆಗಳಿದ್ದರೆ ಮೊದಲು ಬಾಗಿಲು ತಟ್ಟಿ, ಏನು ಮಾಡುತ್ತೇನೆಂದು ಹೇಳಿ, ಅವರು ಒಪ್ಪಿದರೆ ಮಾತ್ರ ಕಲ್ಲು ಮುಟ್ಟುತ್ತಿದ್ದರು. ಬಾಗಿಲಿಗೆ ಬೀಗವಿದ್ದರೆ ವಾಪಸ್ ಬಂದುಬಿಡುತ್ತಿದ್ದೆವು.

ಆ ವರ್ಷದ ಚಳಿಗಾಲದಲ್ಲಿ ಮಾವ ಹೋದರು. ಪೊದೆಯಲ್ಲಿ, ಹೊಲದಲ್ಲಿ, ಯಾರೋ ಮನೆಯ ಅಂಗಳದಲ್ಲಿ, ನಡುರಸ್ತೆಯಲ್ಲಿ ಆಗಬಹುದೆಂದು ನಾನು ಎಷ್ಟೋ ಜಾಗಗಳಲ್ಲಿ ಹೆದರಿಕೊಂಡಿದ್ದೆ. ಅಲ್ಲೆಲ್ಲೂ ಆಗಲಿಲ್ಲ. ಬೆಳಗ್ಗೆ ಕಾಫಿ ಕೇಳಿ ತಮ್ಮ ಕುರ್ಚಿಯಲ್ಲಿ ಕೂತಿದ್ದರು. ನಾನು ಲೋಟ ತರುವಷ್ಟರಲ್ಲಿ ತಲೆ ಪಕ್ಕಕ್ಕೆ ವಾಲಿತ್ತು. ಮಾತ್ರೆಯ ಚೀಲ ಕುರ್ಚಿಯ ಪಕ್ಕದ ಮೊಳೆಯಲ್ಲೇ ನೇತಾಡುತ್ತಿತ್ತು. ಈಗಲೂ ಅಲ್ಲೇ ಇದೆ. ತೆಗೆದಿಡಲು ಮನಸ್ಸಾಗಿಲ್ಲ.

ಕೊನೆಯ ದಿನಗಳಲ್ಲಿ ಅವರು ರಾಮಕೃಷ್ಣನಗರದ ಕಡೆ ಒಂದು ಕಲ್ಲು ಇರಬೇಕೆಂದು ಹೇಳುತ್ತಿದ್ದರು. ಹಳೆಯ ಹೊಲಗಳೆಲ್ಲ ಮನೆಗಳಾದ ಮೇಲೂ ಉಳಿದಿರಬಹುದೆಂದು. ಕಳೆದ ವಾರ ನಾನೊಬ್ಬಳೇ ಹೋದೆ. ಒಂದು ಮನೆಯ ಕಾಂಪೌಂಡಿಗೆ ಅಂಟಿಕೊಂಡು, ಹುಲ್ಲಿನೊಳಗೆ ಇತ್ತು. ಬಾಗಿ ನೋಡುತ್ತಿದ್ದಾಗ ಮೇಲಿನಿಂದ ಗಂಡು ಧ್ವನಿಯೊಂದು ಗದರಿತು. "ಯಾರ್ರೀ ಅದು? ನಮ್ ಗೋಡೆ ಹತ್ರ ಏನ್ ಮಾಡ್ತಾ ಇದೀರ?"

ನಾನು ಮೊದಲು ನೋಡಿದ್ದು ಸ್ಕೂಟರಿನ ಕಡೆ. ಗಾಡಿ ಪಕ್ಕದಲ್ಲೇ ಇತ್ತು, ಕೀಲಿಯೂ ಅದರಲ್ಲೇ ಇತ್ತು. ನಾನು ಎದ್ದು ನಿಂತು, ಕೈಗೆ ಅಂಟಿದ್ದ ಮಣ್ಣು ಒರೆಸಿಕೊಂಡು, ಗೇಟಿನ ಕಡೆಗೆ ನಡೆದೆ. "ಒಂದು ನಿಮಿಷ ಕೆಳಗೆ ಬರ್ತೀರಾ, ಎಲ್ಲಾ ಹೇಳ್ತೀನಿ" ಎಂದೆ.