ನಾನು ತಿಂದ ನೂರು ಕಾಯಿ

ತಿಪಟೂರಿಗೆ ಬಂದ ಮೊದಲ ವಾರವೇ ಒಂದು ಹೊತ್ತಿನ ಚಟ್ನಿಗೆ ನೂರು ತೆಂಗಿನಕಾಯಿ ತಿಂದೆ ಎಂದರೆ ವಿಜಯಪುರದ ನೀವ್ಯಾರೂ ನಂಬಲಿಕ್ಕಿಲ್ಲ. ನಮ್ಮ ಕಡೆ ಒಂದು ಕಾಯಿಯನ್ನು ವಾರವಿಡೀ ಜೋಪಾನ ಮಾಡುತ್ತೇವೆ. ಇಲ್ಲಿ ನನ್ನ ಬಾಡಿಗೆ ಮನೆಯ ಅಂಗಳದಲ್ಲೇ ಕಾಯಿಯ ರಾಶಿ. ಜಗಲಿಯ ಮೇಲೆ ಬೇರೆಯಾಗಿ ಸಾಲಾಗಿಟ್ಟ ಕಾಯಿಗಳನ್ನು ಹೊಸಬಳಿಗೆಂದೇ ಇಟ್ಟಿದ್ದಾರೆ ಎಂದುಕೊಂಡು, ಒಂದನ್ನು ಒಡೆದು ಚಟ್ನಿ ಅರೆದೆ. ತಿಂದು ಕಾಲೇಜಿಗೆ ಹೋದೆ.

ನಾನು ಕಲಿಸುವುದು ಕಂಪ್ಯೂಟರಿನ ಆರಂಭದ ಇತಿಹಾಸ. ಅಂದು ಹೇಳಿದ್ದು, ಇನ್ನೂ ಕಟ್ಟಿಯೇ ಇರದ ಯಂತ್ರಕ್ಕೆ ಲೆಕ್ಕದ ಹೆಜ್ಜೆಗಳನ್ನು ಬರೆದಿಟ್ಟ ಹೆಣ್ಣುಮಗಳೊಬ್ಬಳ ಕಥೆ. ಯಾವ ಉತ್ತರವನ್ನು ಎಲ್ಲಿ ತೆಗೆದಿಡಬೇಕು, ಯಾವಾಗ ಮತ್ತೆ ಎತ್ತಿಕೊಳ್ಳಬೇಕು, ಎಲ್ಲವೂ ಬರೀ ಕಾಗದದ ಮೇಲೆ! ಎಷ್ಟು ಸಲ ಹೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಹುಡುಗರು ಮಾತ್ರ ನನ್ನ ಮಾತಿನ ಧಾಟಿಗೆ ನಗುತ್ತಿದ್ದರು.

ಸಂಜೆ ಬಂದರೆ ಮನೆಯ ಯಜಮಾನರಾದ ಶಿವಣ್ಣನವರು ರಾಶಿಯ ಪಕ್ಕ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಐದೈದು ಕಾಯಿ ಎಸೆದು ಎಣಿಸುವುದು, ನೂರಾದಾಗಲೆಲ್ಲ ಒಂದನ್ನು ಜಗಲಿಯ ಮೇಲಿಡುವುದು ಅವರ ಕ್ರಮ. ಜಗಲಿ ನೋಡಿದರೆ ಎಷ್ಟು ನೂರೆಂದು ತಿಳಿಯುತ್ತದೆ.

"ನಿನ್ನೆ ಹದಿನಾಲ್ಕಿತ್ತು ಅಂತ ನೆನಪು. ಇವತ್ತು ಹದಿಮೂರೇ ಐತೆ. ನಮ್ಮಪ್ಪಂಗೂ ಮರೆವು ಹಿಂಗೇ ಶುರುವಾಗಿದ್ದು ಕಣ್ರೀ. ಇನ್ ಎಣಿಸೋದು ಬುಟ್ಬುಡ್ತೀನಿ."

ಬೆಳಗಿನ ಚಿಪ್ಪು ತಂದು ಮುಂದಿಟ್ಟೆ. "ತಪ್ಪಾತ್ರೀ. ನಾನೇ ಒಡದೇನ್ರೀ."

ಚಿಪ್ಪನ್ನೇ ನೋಡಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ನೂರು ಕಾಯಿ ತಿಂದ್ಬುಟ್ರಲ್ರೀ ಮೇಡಂ! ನನ್ ತಲೆ ಸರಿಯಾಗೈತೆ ಬುಡಿ!" ಕಣ್ಣಲ್ಲಿ ನೀರಿತ್ತು.

ಅವರಿಗೂ ಆ ಹೆಣ್ಣುಮಗಳ ಕಥೆ ಹೇಳಿದೆ.

"ಮಿಷನ್ನೇ ಇಲ್ದೆ ಬರೆದ್ಲಾ? ತಪ್ಪಾಗ್ಲಿಲ್ವಾ?"

"ಅಚ್ಚಾದಾಗ ಒಂದು ಸಣ್ಣ ತಪ್ಪಿತ್ತಂತ್ರೀ."

"ಹಂಗಾದ್ರೆ ನಮ್ಮೋಳೇ ಬುಡಿ," ಎಂದರು.

ಮರುದಿನ ತರಗತಿಗೆ ಒಂದು ಕಾಯಿ ಒಯ್ದು ಮೇಜಿನ ಮೇಲಿಟ್ಟೆ. "ನೂರರ ಕಾಯಿ! ತಿನ್ಬಾರ್ದು ಮೇಡಂ!" ಎಂದು ಇಡೀ ತರಗತಿ ಕೂಗಿತು. ಸುದ್ದಿ ಆಗಲೇ ಊರು ಸುತ್ತಿತ್ತು. ಯಂತ್ರದ ನೆನಪು ಎಂದರೇನೆಂದು ಆಮೇಲೆ ವಿವರಿಸಬೇಕಾಗಲಿಲ್ಲ.

ದಸರಾ ರಜೆಗೆ ವಿಜಯಪುರಕ್ಕೆ ಹೋದೆ. ಬೀಗರು ಬರುವವರಿದ್ದರು, ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಎಣಿಸುತ್ತ, ಹತ್ತಾದಾಗಲೆಲ್ಲ ಒಂದನ್ನು ಬೇರೆ ತಟ್ಟೆಗೆ ತೆಗೆದಿಡುತ್ತಿದ್ದೆ. ಅವ್ವ ಅದರಲ್ಲೇ ಒಂದನ್ನು ಮುರಿದು, ಎಣ್ಣೆಗಾಯಿ ಹಚ್ಚಿ ನನ್ನ ಬಾಯಿಗಿಟ್ಟಳು. ಲೆಕ್ಕ ಹೋಯಿತು. ಅಷ್ಟರಲ್ಲಿ ಶಿವಣ್ಣನವರ ಫೋನ್ ಬಂತು.

"ಕಾಯಿ ಕೆಡವಿಸಿದೀನಿ. ಎಣಿಸೋಕೆ ಯಾವಾಗ ಬತ್ತೀರಾ?"

"ನಾಳೆ ಊರಿಗೆ ಬರ್ತೀನ್ರೀ," ಎಂದೆ.

ಅವ್ವನ ಕೈ ನಿಂತಿತು. "ಊರಾಗ ಅದೀಯಲ್ಲವ್ವಾ."

ನಾನು ಇನ್ನೊಂದು ತುತ್ತಿಗೆ ಬಾಯಿ ತೆರೆದೆ.